ಸಿಡುಕನ ನಿದ್ದೆಬುರುಕ ಚಿಪ್

"ನೋಡಪ್ಪಾ, ಇದಕ್ಕಿಂತ ನಾವು ಮಾಡೋ ಬಾಗಿಲ ಗಂಟೆಯೇ ವಾಸಿ. ಅದು ಯಾರಾದರೂ ಒತ್ತಿದಾಗಲಾದರೂ ಏಳುತ್ತೆ. ನಿನ್ನ ಚಿಪ್ಪೂ ನಿನ್ನ ಹಾಗೇ. ಬಿದ್ದು ಮಲಗೋದೊಂದು ಬಿಟ್ಟರೆ ಇಬ್ಬರಿಗೂ ಬೇರೆ ಯಾವ ವಿದ್ಯೆಯೂ ಬರಲ್ಲ."

ಯಜಮಾನರು ಈ ಮಾತನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದ್ದರೆ ಅದೊಂದು ಬಗೆ. ಹೇಳಿದ್ದು ಪರೀಕ್ಷೆಯ ಮೇಜಿನ ಮುಂದೆ, ಇಡೀ ಕಂಪನಿಯ ಎದುರಿಗೆ. ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ನೆಲ ಒರೆಸುವ ಹೆಂಗಸು ಕೂಡ ಕೈಯಲ್ಲಿನ ಕೋಲಿಗೆ ಗಲ್ಲ ಊರಿ ನಿಂತು ಕೇಳುತ್ತಿದ್ದಳು. ಬೈಸಿಕೊಂಡವನಾದರೋ ಅಂಗಿ ಬಿಚ್ಚಿ, ಎದೆಯ ಮೇಲೆ ಎರಡು ಅಂಟುಪಟ್ಟಿ ಅಂಟಿಸಿಕೊಂಡು, ನಡುವೆ ಬೆರಳಗಲದ ಚಿಪ್ ತೂಗಿಸಿಕೊಂಡು ನಿಂತಿದ್ದ. ಅಂಗಿ ಬಿಚ್ಚಿ ನಿಂತವನಿಗೆ ಅವಮಾನ ಮಾಡುವುದು ಬಹಳ ಸುಲಭ. ಜಗಳಕ್ಕೆ ಮೊದಲು ಮಡಚಿಕೊಳ್ಳೋಣವೆಂದರೆ ಅವನಿಗೆ ಅಂಗಿಯ ತೋಳೇ ಇರುವುದಿಲ್ಲ.

ಅವನನ್ನು ಎಲ್ಲರೂ ಸಿಡುಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಸಂಬಳದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಕೋಪ ಅವನಿಗೆ ಮೂಗಿನ ತುದಿಯಲ್ಲಿ ಇರುತ್ತದೆ ಎಂದರೆ ಕಡಿಮೆ ಹೇಳಿದಂತೆ. ಅದು ಮೂಗಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹಿಂದೊಮ್ಮೆ ಕಾಫಿ ಯಂತ್ರ ಲೋಟ ಇಳಿಸದೆ ಬರೀ ಕಾಫಿ ಸುರಿದಾಗ ಯಂತ್ರದ ಜೊತೆಗೇ ಜಗಳಕ್ಕೆ ನಿಂತಿದ್ದ. ಆಮೇಲೆ ಯಂತ್ರವೇ ಹೆದರಿ ಕೆಲವು ದಿನ ಕೆಲಸ ನಿಲ್ಲಿಸಿತ್ತು.

ಹಾಗಾಗಿ ಯಜಮಾನರ ಮಾತು ಮುಗಿದದ್ದೇ ತಡ, ಎಲ್ಲರೂ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಸಿಡುಕನ ಕಿವಿ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಎದೆಯೊಳಗೆ ಯಾರೋ ಗೋಡೆ ಒಡೆಯುತ್ತಿದ್ದ ಹಾಗೆ ಡಬಡಬ ಸದ್ದು. ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಆಚೆಯಿಂದ ಟೈ ಎಂಬವನು, ಬೇಸಿಗೆಯಲ್ಲೂ ಟೈ ಕಟ್ಟುವ ಪದವೀಧರ, "ಅಯ್ಯೋ ಸಾರ್, ಪೆಟ್ಟಿಗೆ ಆನ್ ಮಾಡೋದೇ ಮರೆತೆ" ಎಂದು ಗುಂಡಿ ಒತ್ತಿದ. ಯಜಮಾನರು ಅವನನ್ನು ದುರುಗುಟ್ಟಿ ನೋಡಿದರು. ಯಾಕೆ ಹಾಗೆ ನೋಡಿದರೆಂದು ಆ ಕ್ಷಣದಲ್ಲಿ ಯಾರಿಗೂ ತಿಳಿಯಲಿಲ್ಲ.

ಪುಟ್ಟ ಪೆಟ್ಟಿಗೆಯ ಗಾಜಿನಲ್ಲಿ ಹಸಿರು ಅಂಕಿ ಬೆಳಗಿತು: ನೂರು. ಚಿಪ್‌ನ ಬ್ಯಾಟರಿ ತುಂಬಿದೆ ಎಂದರ್ಥ. ಸಿಡುಕ ಅದನ್ನು ನೋಡಿದ. ತೆರೆದ ಬಾಯಿ ಮುಚ್ಚಿದ. ಉಗುಳು ನುಂಗಿದ. ಜೊತೆಗೆ ಯಜಮಾನರನ್ನೂ ಅವರ ಗಂಟೆಯನ್ನೂ ನುಂಗಿದ.

ಯಾಕೆ ನುಂಗಿದ ಎಂದು ತಿಳಿಯಬೇಕಾದರೆ ಚಿಪ್‌ನ ಕತೆ ಸ್ವಲ್ಪ ಕೇಳಬೇಕು. ಎದೆ ಮಿಡಿದಾಗ ಚರ್ಮದ ಮೇಲೆ ಕಾಣುವ ವಿದ್ಯುತ್ತು ಬಹಳ ಸಣ್ಣದು, ಸೊಳ್ಳೆ ನಿಟ್ಟುಸಿರು ಬಿಟ್ಟಷ್ಟು. ಆ ಏರಿಳಿತವನ್ನು ಹಿಡಿದು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ದಾಟಿಸುವುದು ಇಂಥ ಚಿಪ್‌ಗಳ ಕೆಲಸ. ಊರಿನ ಚಿಪ್‌ಗಳೆಲ್ಲ ಏನಾದರೂ ನಡೆಯಲಿ ಬಿಡಲಿ, ಸೆಕೆಂಡಿಗೆ ನೂರಾರು ಸಲ ಅಳೆಯುತ್ತಲೇ ಇರುತ್ತವೆ; ಕಳ್ಳ ಬರಲಿ ಬಿಡಲಿ ರಾತ್ರಿಯೆಲ್ಲ ಸೀಟಿ ಊದುವ ಕಾವಲುಗಾರನ ಹಾಗೆ. ಊದಿ ಊದಿ ಬ್ಯಾಟರಿ ಖಾಲಿ. ಸಿಡುಕನ ಯೋಚನೆ ಬೇರೆ. ಏನೂ ನಡೆಯದಿದ್ದಾಗ ಯಾಕೆ ಅಳೆಯಬೇಕು? ಎದೆಬಡಿತದ ಗೆರೆ ಏರಿದಾಗ, ಇಳಿದಾಗ ಮಾತ್ರ ಎದ್ದು ಅಳೆದು ಮತ್ತೆ ಮಲಗುವ ಚಿಪ್ ಅವನದು. ಅಳೆದದ್ದನ್ನು ನೆನಪಿಟ್ಟುಕೊಳ್ಳುವುದಕ್ಕೂ ಬ್ಯಾಟರಿ ಬೇಕು ಎಂದು ಅದಕ್ಕೆ ನೆನಪನ್ನೇ ಕೊಟ್ಟಿರಲಿಲ್ಲ. ಅಂಕಿಯನ್ನು ಆ ಕ್ಷಣವೇ ಹತ್ತಿರದ ಪೆಟ್ಟಿಗೆಗೆ ಎಸೆದು ಕೈತೊಳೆದುಕೊಳ್ಳುತ್ತಿತ್ತು. ಪೆಟ್ಟಿಗೆ ಹತ್ತಿರ ಇಲ್ಲದಿದ್ದರೆ ಅಂಕಿ ಗಾಳಿಗೆ ಹೋಯಿತೆಂದೇ ತಿಳಿಯಬೇಕು. ಈ ಮೇಜಿನಿಂದ ಕಾರಿಡಾರಿನ ಕೊನೆಯಲ್ಲಿರುವ ನೀರಿನ ಫಿಲ್ಟರಿನವರೆಗೆ ಅದರ ಕೂಗು ಕೇಳುತ್ತದೆ, ಅದರಾಚೆ ಕೇಳುವುದಿಲ್ಲ ಎಂದು ಸಿಡುಕನೇ ನಡೆದು ಪರೀಕ್ಷೆ ಮಾಡಿದ್ದ.

ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು, ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಳೆದು ಇಲ್ಲಿಗೆ ಬಂದವನಿಗೆ ಜೀವನದಲ್ಲಿ ತನ್ನದು ಎಂದು ತೋರಿಸಲು ಇದ್ದದ್ದು ಈ ಒಂದು ಯೋಚನೆ. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದವನು ಟೈ.

ಡಾಕ್ಟರಮ್ಮ ಹೇಳಿದರು: "ಸಂಜೆವರೆಗೂ ಇದನ್ನು ಹಾಕ್ಕೊಂಡೇ ಓಡಾಡಿ. ಪೆಟ್ಟಿಗೆ ಜೇಬಲ್ಲಿರಲಿ. ಮನೆ, ಬೀದಿ ಎಲ್ಲ ಸುತ್ತಿ ಬನ್ನಿ, ನನ್ನ ರೋಗಿಗಳೇನು ಮೇಜಿನ ಮುಂದೆ ನಿಂತಿರಲ್ಲ. ಸಂಜೆ ನೋಡಿ ಹೇಳ್ತೀನಿ. ಸರಿ ಬಂದ್ರೆ ನಮ್ಮ ಆಸ್ಪತ್ರೆಗೆ ಇದೇ. ಇಲ್ಲಾಂದ್ರೆ ಇನ್ನೊಂದು ಕಂಪನಿಯವರದ್ದು ಸಿದ್ಧವಾಗಿದೆ, ಇವತ್ತೇ ಅವರಿಗೆ ಹೂಂ ಅಂದುಬಿಡ್ತೀನಿ."

"ಸರಿ ಬರದಿದ್ರೆ ನೀನು ಕೆಳಗಿನ ಮಹಡಿಗೆ," ಎಂದರು ಯಜಮಾನರು. "ಗಂಟೆ ಜೋಡಿಸೋ ಬೆಂಚಲ್ಲಿ ಒಂದು ಜಾಗ ಖಾಲಿ ಇದೆ."

ಸಂಜೆ ಏನನ್ನು ನೋಡುತ್ತೀರಿ ಎಂದು ಸಿಡುಕ ಕೇಳಲಿಲ್ಲ. ಕೇಳುವುದೇನು, ಬ್ಯಾಟರಿ ಉಳಿಸುವ ಚಿಪ್‌ನಲ್ಲಿ ಬ್ಯಾಟರಿಯನ್ನಲ್ಲದೆ ಮತ್ತೇನನ್ನು ನೋಡುತ್ತಾರೆ? ಅವನ ಲೆಕ್ಕ ನೇರವಾಗಿತ್ತು. ಕೋಪ ಬಂದರೆ ಎದೆ ಓಡುತ್ತದೆ. ಎದೆ ಓಡಿದರೆ ಚಿಪ್ ಎದ್ದು ಕೂರುತ್ತದೆ. ಚಿಪ್ ಎದ್ದರೆ ಬ್ಯಾಟರಿ ಕರಗುತ್ತದೆ. ಹಾಗಾದರೆ ಇವತ್ತೊಂದು ದಿನ ಕೋಪ ಬರಕೂಡದು. ಆಕಾಶವೇ ಕಳಚಿ ತಲೆಯ ಮೇಲೆ ಬಿದ್ದರೂ, ಬಂದದ್ದು ಒಳ್ಳೆಯದಾಯಿತು ಕೂತುಕೋ ಎನ್ನಬೇಕು. ನಾಳೆ ಬೆಳಿಗ್ಗೆ ಬಂದು ಎಲ್ಲರಿಗೂ ಬಡ್ಡಿ ಸಮೇತ ತೀರಿಸಿದರಾಯಿತು.

ಅಂಗಿ ಹಾಕಿಕೊಂಡು ತನ್ನ ಜಾಗಕ್ಕೆ ಬಂದರೆ ಅವನ ಕುರ್ಚಿಯಲ್ಲಿ ಟೈ ಕೂತಿದ್ದ.

"ಏನಯ್ಯಾ, ಯಜಮಾನರು ಹೇಳಿದ್ದು ನಿಜ ಅಲ್ವಾ?" ಎಂದ ಟೈ. "ಬಾಗಿಲ ಗಂಟೆಯೇ ವಾಸಿ. ಒತ್ತಿದಾಗಲಾದರೂ ಏಳುತ್ತೆ."

ಸಿಡುಕ ಜೇಬಿನ ಪೆಟ್ಟಿಗೆ ಮುಟ್ಟಿಕೊಂಡ. ನೂರು. ಮೂಗಿನಿಂದ ಉದ್ದಕ್ಕೆ ಉಸಿರೆಳೆದ. "ನಿಜ," ಎಂದ.

ಟೈ ಬೆಚ್ಚಿಬಿದ್ದ. ಬಾಗಿಲು ಎಷ್ಟು ದೂರದಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡಿದ್ದವನು, ಈಗ ಆರಾಮಾಗಿ ಒರಗಿ ಕೂತ. ಹಸು ಒದೆಯುವುದಿಲ್ಲ ಎಂದು ಗೊತ್ತಾದಾಗ ಹಾಲು ಕರೆಯುವವನ ಮುಖ ಅರಳುವ ಹಾಗೆ ಅವನ ಮುಖ ಅರಳಿತು.

"ಮತ್ತೆ... ಚಿಪ್ ಮೇಲೆ ಹೆಸರು ಹಾಕಬೇಕಲ್ಲ. ನಾನು ನನ್ನದೇ ಹಾಕಿಬಿಡ್ತೀನಿ. ಎರಡು ಹೆಸರು ಅಂದ್ರೆ ನೋಡೋಕೂ ಇಕ್ಕಟ್ಟು. ಬೇಜಾರಿಲ್ಲ ತಾನೇ?"

ಸಿಡುಕನ ಎಡಗಣ್ಣು ಒಂದು ಸಲ ಅದುರಿತು. ಪೆಟ್ಟಿಗೆಯನ್ನು ಹೊರಗೆ ತೆಗೆದು ನೋಡಿದ. ಹೆಸರಿಲ್ಲದಿದ್ದರೂ ಚಿಪ್ ಬದುಕಬೇಕು. ಬದುಕಿದರೆ ಹೆಸರನ್ನು ಆಮೇಲೆ ಇವನ ಟೈ ಹಿಡಿದು ವಾಪಸು ಕೇಳಬಹುದು. "ಬೇಜಾರೇನಿಲ್ಲ. ಹಾಕ್ಕೊಳ್ಳಿ," ಎಂದು ಸ್ಕೂಟರಿನ ಕೀಲಿ ಎತ್ತಿಕೊಂಡು ಹೊರಟ.

ಅವನ ಮನೆ ಮೂರನೇ ಮಹಡಿಯಲ್ಲಿ. ಮೊದಲನೇ ಮಹಡಿಯ ಬಾಗಿಲಲ್ಲಿ ಕೆಳಮನೆ ತಾತ ಯಾವಾಗಲೂ ಒಂದು ಸ್ಟೂಲು ಹಾಕಿಕೊಂಡು, ಬಂದವರನ್ನೂ ಹೋದವರನ್ನೂ ತಪಾಸಣೆ ಮಾಡುತ್ತ ಕೂತಿರುತ್ತಿದ್ದರು. ತಾತನಿಗೂ ಸಿಡುಕನಿಗೂ ತಾರಸಿಯ ನೀರಿನ ಪಂಪಿನ ವಿಷಯದಲ್ಲಿ ಹಳೆಯ ಯುದ್ಧವಿತ್ತು.

"ಏನೋ," ಎಂದರು ತಾತ, "ನಿನ್ನ ಚಿಪ್ಪಿಗಿಂತ ಬಾಗಿಲ ಗಂಟೆಯೇ ವಾಸಿಯಂತೆ? ಒತ್ತಿದಾಗಲಾದರೂ ಏಳುತ್ತಂತೆ?"

ಸಿಡುಕ ಮೆಟ್ಟಿಲ ಮೇಲೇ ನಿಂತ. ಅವಮಾನ ತನಗಿಂತ ಮೊದಲು ಮನೆ ತಲುಪಿತ್ತು. ಅದಕ್ಕೆ ಯಾವ ಕಂಪನಿಯ ಸ್ಕೂಟರ್ ಸಿಕ್ಕಿತೋ. ನೆಲ ಒರೆಸುವ ಹೆಂಗಸಿನ ತಂಗಿ ಈ ಬೀದಿಯಲ್ಲೇ ಇರುವುದು ನೆನಪಾಗಿ, ಸರಿ, ಅವಳ ಕೆಲಸ ಎಂದುಕೊಂಡ. ನೆಲಕ್ಕಿಂತ ಸುದ್ದಿಯನ್ನೇ ಹೆಚ್ಚು ಚೆನ್ನಾಗಿ ಒರೆಸಿ ಹರಡುತ್ತಾಳೆ.

"ಹೌದು ತಾತ. ಹಾಗಂತಾರೆ."

ತಾತನ ಕೈಯಲ್ಲಿದ್ದ ಕನ್ನಡಕ ಜಾರಿತು. "ಮೈ ಹುಷಾರಿದೆಯೇನೋ?"

"ಇದೆ ತಾತ."

ತಾತ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಹಾಗಿದ್ರೆ ಆ ಪಂಪಿನ ಮಾತು ಇವತ್ತೇ ಮುಗಿಸಿಬಿಡೋಣ. ನಾಳೆಯಿಂದ ಬೆಳಗಿನ ಜಾವ ಎದ್ದು ಸ್ವಿಚ್ ಹಾಕೋದು ನಿನ್ನ ಕೆಲಸ. ಟ್ಯಾಂಕ್ ತುಂಬೋವರೆಗೂ ಅಲ್ಲೇ ನಿಲ್ಲಬೇಕು."

ಈ ಒಂದು ಮಾತಿಗಾಗಿ ಹಿಂದೆ ಸಿಡುಕ ತಾರಸಿಯಿಂದ ಕೂಗಿದ್ದು ಎರಡು ಬೀದಿ ಆಚೆಗೆ ಕೇಳಿಸಿತ್ತು. ಈಗ ಹಲ್ಲು ಕಚ್ಚಿ, ಹಲ್ಲು ಕಚ್ಚಿದ್ದು ಕಾಣದ ಹಾಗೆ ನಕ್ಕ. "ಆಗಲಿ ತಾತ. ನಿಂತಿರ್ತೀನಿ." ಪೆಟ್ಟಿಗೆಯಲ್ಲಿ ಅಂಕಿ ತೊಂಬತ್ತೆಂಟು. ತಾತ ಸ್ಟೂಲು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದದ್ದು ಕೇಳಿಸಿತು. ಗೆದ್ದವರು ಅಷ್ಟು ಹೆದರಿದ್ದನ್ನು ಆ ಕಟ್ಟಡ ಎಂದೂ ಕಂಡಿರಲಿಲ್ಲ.

ಮೇಲೆ ಹೋದರೆ ಮನೆಯಲ್ಲಿ ಭಾವ. ಅಕ್ಕನನ್ನು ಮದುವೆಯಾದ ದಿನದಿಂದ ಈ ಮನೆಯ ಸೋಫಾದ ಮೇಲೆ ತನಗೂ ಪಾಲಿದೆ ಎಂದು ತಿಳಿದ ಮನುಷ್ಯ. ಕಾಲು ನೀಡಿ, ಸಿಡುಕನ ದಿಂಬನ್ನೇ ಬೆನ್ನಿಗೆ ಕೊಟ್ಟು ಮಲಗಿದ್ದ.

"ಬಾಪ್ಪಾ ವಿಜ್ಞಾನಿ," ಎಂದ. "ಬಾಗಿಲ ಗಂಟೆಯೇ ವಾಸಿಯಂತಲ್ಲ? ಅದು ಒತ್ತಿದಾಗಲಾದರೂ ಏಳುತ್ತೆ. ಒಂಬತ್ತನೇ ಕ್ಲಾಸಿಗೇ ಓಡಿಬಂದವನಿಗೆ ಚಿಪ್ ಯಾಕೆ ಬೇಕಿತ್ತು ಹೇಳು. ನಿಮ್ಮಪ್ಪ ಇದ್ದಿದ್ರೆ ತಲೆ ತಗ್ಗಿಸಬೇಕಾಗ್ತಿತ್ತು."

ಅಪ್ಪನ ಮಾತು ಬಂದಾಗ ಸಿಡುಕನ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅವನ್ನು ಒಂದೊಂದಾಗಿ ಬಿಡಿಸಿದ. ಕಿಟಕಿಯಾಚೆ ಒಂದು ಮೋಡ ನೋಡಿದ. ಆ ಮೋಡಕ್ಕೆ ಭಾವ ಇಲ್ಲ, ಯಜಮಾನ ಇಲ್ಲ, ಎಂಥ ಪುಣ್ಯವಂತ ಮೋಡ ಎಂದುಕೊಂಡ. ಎದೆ ನಿಧಾನಕ್ಕೆ ಇಳಿಯಿತು.

"ನೀವು ಹೇಳೋದ್ರಲ್ಲಿ ಅರ್ಥ ಇದೆ ಭಾವ."

ಭಾವ ಎದ್ದು ಕೂತ. ಅಡುಗೆಮನೆ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ಇದೇನಾದರೂ ಬಲೆಯೇ ಎಂದು ಸೋಫಾದ ಕೆಳಗೂ ಒಮ್ಮೆ ಬಗ್ಗಿ ನೋಡಿದ. ಆಮೇಲೆ ದನಿ ಮೆತ್ತಗೆ ಮಾಡಿ, "ನಿನ್ನ ಸ್ಕೂಟರ್ ಸುಮ್ಮನೆ ನಿಂತಿರುತ್ತೆ. ನಾನು ತಗೊಂಡು ಹೋಗ್ಲಾ? ವಾಪಸು ಕೊಡೋದು ಬಿಡೋದು ಆಮೇಲೆ ಮಾತಾಡೋಣ" ಎಂದ.

ಸಿಡುಕ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ. ಮನಸ್ಸು ಎಲ್ಲಿ ಬದಲಾಗುತ್ತದೋ ಎಂದು ಭಾವ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ.

ಅಷ್ಟು ಹೊತ್ತೂ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾಮಾನ್ಯವಾಗಿ ಅವಳ ಬಾಯಿ ಸಿಡುಕನ ಕಾಲ ಸಪ್ಪಳಕ್ಕೇ ತೆರೆದುಕೊಳ್ಳುತ್ತಿತ್ತು. ಚಪ್ಪಲಿ ಎಲ್ಲಿ ಬಿಟ್ಟೆ, ತಲೆ ಯಾಕೆ ಬಾಚಿಲ್ಲ, ಯಾವಾಗ ಮದುವೆಯಾಗ್ತೀಯ, ಮೂರೂ ಒಂದೇ ಉಸಿರಿನಲ್ಲಿ. ಇವತ್ತು ಒಂದು ಮಾತೂ ಇಲ್ಲ. ತಟ್ಟೆ ತಂದಿಟ್ಟಳು. ಬಡಿಸಿದಳು. ಅವನು ಚಪ್ಪಲಿ ಹಾಕಿಕೊಂಡೇ ಊಟಕ್ಕೆ ಕೂತಿದ್ದ. ಅವಳು ನೋಡಿದಳು, ಸುಮ್ಮನಿದ್ದಳು. ಕೊನೆಗೆ ಹತ್ತಿರ ಬಂದು, ಹಣೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತು, ಏನೂ ಹೇಳದೆ ಒಳಗೆ ಹೋದಳು.

ಯಜಮಾನರನ್ನೂ ಟೈಯನ್ನೂ ತಾತನನ್ನೂ ಭಾವನನ್ನೂ ತಡೆದುಕೊಂಡ ಎದೆ ಇದೊಂದನ್ನು ತಡೆಯಲಿಲ್ಲ. ಧಸಕ್ಕೆಂದಿತು. ಅಮ್ಮನಿಗೆ ಏನಾಗಿದೆ? ಡಾಕ್ಟರು ಏನಾದರೂ ಹೇಳಿದರಾ? ತನಗೇ ಏನಾದರೂ ಆಗಿದ್ದು ಅವಳಿಗೆ ಮಾತ್ರ ಗೊತ್ತಾಗಿದೆಯಾ? ಜೇಬು ನೋಡಿಕೊಂಡರೆ ತೊಂಬತ್ನಾಲ್ಕು. ಅನ್ನ ಅರ್ಧಕ್ಕೇ ಬಿಟ್ಟು, ಎದೆಗೆ ಅಂಗೈ ಒತ್ತಿ, ಮಗುವನ್ನು ಮಲಗಿಸುವ ಹಾಗೆ ಚಿಪ್ಪನ್ನು ತಟ್ಟುತ್ತ ಮನೆಯಿಂದ ಹೊರಬಿದ್ದ.

ಸ್ಕೂಟರ್ ಇಲ್ಲದ್ದರಿಂದ ನಡೆದೇ ಹೋಗಬೇಕಾಯಿತು. ದಾರಿಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿಯವನು ಅವನ ಪಾದದ ಮೇಲೆ ಚಕ್ರ ಹತ್ತಿಸಿ, ಉಲ್ಟಾ "ಕಣ್ಣು ಕಾಣಲ್ವಾ" ಎಂದ. ಸಿಡುಕ "ತಪ್ಪು ನಂದೇ ಅಣ್ಣ, ಪಾದ ಮನೇಲಿಟ್ಟು ಬರಬೇಕಿತ್ತು" ಎಂದು ಕುಂಟುತ್ತ ಮುಂದೆ ನಡೆದ. ಗಾಡಿಯವನು ಬಹಳ ಹೊತ್ತು ಅಲ್ಲೇ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದ.

ಸಂಜೆ ಪರೀಕ್ಷೆಯ ಮೇಜಿನ ಸುತ್ತ ಮತ್ತೆ ಅದೇ ಜನ. ಸಿಡುಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ತೊಂಬತ್ತೊಂದು. ಬೇರೆಯವರ ಚಿಪ್ ಇಷ್ಟು ಹೊತ್ತಿಗೆ ಮೂರು ಬ್ಯಾಟರಿ ನುಂಗಿ ನೀರು ಕುಡಿದಿರುತ್ತಿತ್ತು. ಹೆಸರು ಹೋಯಿತು, ಬೆಳಗಿನ ನಿದ್ದೆ ಹೋಯಿತು, ಸ್ಕೂಟರ್ ಹೋಯಿತು, ಕಾಲ ಬೆರಳು ಊದಿತು. ಹೋದರೆ ಹೋಗಲಿ. ಗೆದ್ದಿದ್ದ. ಅಂಗಿಯ ಗುಂಡಿ ಬಿಚ್ಚಿ, ಎದೆಯುಬ್ಬಿಸಿ ನಿಂತ.

ಟೈ ಪೆಟ್ಟಿಗೆಗೆ ತಂತಿ ಚುಚ್ಚಿದ. ಗೋಡೆಯ ದೊಡ್ಡ ಪರದೆಯ ಮೇಲೆ ಇಡೀ ದಿನದ ಗೆರೆ ಹರಡಿಕೊಂಡಿತು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು.

"ಇದೇನ್ರೀ ಇದು, ಬೆಳಿಗ್ಗೆಯಿಂದ ಸಂಜೆವರೆಗೂ ಹೆಚ್ಚುಕಮ್ಮಿ ಒಂದೇ ಥರ ಇದೆ?"

"ಹೌದು ಮೇಡಂ," ಎಂದ ಸಿಡುಕ. "ಬ್ಯಾಟರಿ ನೋಡಿ."

"ಬ್ಯಾಟರಿ ಸರಿಯಪ್ಪಾ. ಮಲಗಿದ್ರೆ ಯಾರಿಗೆ ತಾನೇ ಖರ್ಚಾಗುತ್ತೆ? ಇದು ಮಲಗುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಏಳುತ್ತಾ ಅಂತ ನೋಡಬೇಕಿತ್ತು. ರೋಗಿ ಎದೆ ಇದ್ದಕ್ಕಿದ್ದ ಹಾಗೆ ಓಡೋಕೆ ಶುರು ಮಾಡಿದಾಗ ಇದೂ ಜೊತೆಗೆ ಓಡುತ್ತಾ, ಇಲ್ಲ ಮಧ್ಯೆ ಮಧ್ಯೆ ತೂಕಡಿಸುತ್ತಾ? ಅದಕ್ಕೇ ಅಲ್ವಾ ನಾನು ಕೇಳಿದ್ದು, ನಿಮ್ಮ ಕಂಪನಿಯಲ್ಲಿ ಅತಿ ಸಿಟ್ಟಿನ ಮನುಷ್ಯ ಯಾರಿದಾರೋ ಅವರಿಗೇ ಕಟ್ಟಿ ಅಂತ. ಅವರಿಗೆ ಮುಂಚೆ ಹೇಳಬೇಡಿ, ಹೇಳಿದ್ರೆ ನಾಟಕ ಮಾಡ್ತಾರೆ ಅಂತಾನೂ ಹೇಳಿದ್ದೆ."



ಯಜಮಾನರು ಹಣೆ ಚಚ್ಚಿಕೊಂಡರು. "ಎಷ್ಟು ಕಷ್ಟಪಟ್ಟು ಏರ್ಪಾಡು ಮಾಡಿದ್ದೆ ಮಾರಾಯ. ನಾನು ಬೈದಾಗ ನಿಂಗೆ ಕೋಪ ಸರಿಯಾಗಿ ಬಂದಿತ್ತು, ಈ ಟೈ ಪೆಟ್ಟಿಗೆ ಆನ್ ಮಾಡೋದು ಮರೆತ. ಆಮೇಲೆ ಅವನಿಗೆ ಹೇಳಿದೆ, ನಿಮ್ಮ ಕೆಳಮನೆಯವರಿಗೆ ಫೋನ್ ಮಾಡಿದೆ, ನಿಮ್ಮ ಭಾವನಿಗೆ ಮಾಡಿದೆ. ಎಲ್ಲರಿಗೂ ಆ ಗಂಟೆ ಮಾತು ಒಂದನ್ನೇ ಹೇಳಿಕೊಟ್ಟಿದ್ದು. ನಿಂಗೆ ಒಂದು ಸಲವಾದರೂ ಕೋಪ ಬರಬಾರದಾ?"

ಸಿಡುಕ ನಿಧಾನಕ್ಕೆ ಕೇಳಿದ: "ಗಂಟೆ ಮಾತು ಒಂದೇನಾ?"

"ಒಂದೇ."

"ಸ್ಕೂಟರ್?"

"ಯಾವ ಸ್ಕೂಟರ್?"

"ಪಂಪು?"

"ಯಾವ ಪಂಪು?"

"ಚಿಪ್ ಮೇಲಿನ ಹೆಸರು?"

ಯಜಮಾನರು ಟೈ ಕಡೆ ನೋಡಿದರು. ಟೈ ತನ್ನ ಟೈಯ ತುದಿಯಲ್ಲಿ ಏನೋ ಕಲೆ ಹುಡುಕತೊಡಗಿದ.

"ಅಮ್ಮ?"

"ಅವರಿಗೂ ಮಾಡಿದ್ದೆ," ಎಂದರು ಯಜಮಾನರು. "ನನಗೇ ಬೈದ್ರು. ನನ್ನ ಮಗನ್ನ ಕೆಣಕು ಅಂತ ನಂಗೇ ಹೇಳ್ತೀರಾ, ಇವತ್ತು ಅವನಿಗೆ ಒಂದು ಮಾತೂ ಅನ್ನಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ ಅಂದ್ರು."

ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟರು. "ಮಧ್ಯಾಹ್ನ ಇಲ್ಲೊಂದು ಏರು ಇದೆ. ಇಲ್ಲಿ ಬೈದವರು ಯಾರು?"

"ಇಲ್ಲಿ ಯಾರೂ ಬೈಲಿಲ್ಲ ಮೇಡಂ," ಎಂದ ಸಿಡುಕ.

"ಚೆನ್ನಾಗಿ ಎದ್ದಿದೆ. ಆದ್ರೆ ಇಷ್ಟನ್ನೇ ನಂಬಿ ರೋಗಿಗೆ ಕಟ್ಟೋಕಾಗಲ್ಲ." ಅವರು ಚೀಲ ಎತ್ತಿಕೊಂಡರು. "ಸರಿ ಬಿಡಿ. ಆ ಇನ್ನೊಂದು ಕಂಪನಿಯವರಿಗೇ..."

ಆಗ ಪರದೆ ಅಲುಗಿತು.

ಗೆರೆ ಒಮ್ಮೆ ನೆಗೆಯಿತು, ಮತ್ತೆ ನೆಗೆಯಿತು, ಆಮೇಲೆ ಕುದುರೆ ಲಗಾಮು ಹರಿದುಕೊಂಡ ಹಾಗೆ ಓಡತೊಡಗಿತು. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಒಂದೇ ಸಲ ಹೊರಗೆ ಬರುತ್ತಿತ್ತು. ಗಂಟೆ, ಹೆಸರು, ಪಂಪು, ಸ್ಕೂಟರ್, ಅಪ್ಪನ ಮಾತು, ಗಾಡಿಯ ಚಕ್ರ. ಡಾಕ್ಟರಮ್ಮ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು.

"ಅಬ್ಬಾ, ಒಂದನ್ನೂ ಬಿಡ್ತಿಲ್ಲ," ಎಂದರು. "ಎಲ್ಲ ಹಿಡೀತಿದೆ. ಇನ್ನೊಂದು ಹತ್ತು ನಿಮಿಷ ಹೀಗೇ ಓಡಿದ್ರೆ ಸಾಕು, ಇಲ್ಲೇ ಒಪ್ಪಿಗೆ ಕೊಟ್ಟು ಹೋಗ್ತೀನಿ."

ಯಜಮಾನರ ಮುಖದಲ್ಲಿ ದೀಪ ಹತ್ತಿತು. "ಬಂತು, ಬಂತು. ಹಾಗೇ ನಿಂತಿರಪ್ಪಾ, ಅಲ್ಲಾಡಬೇಡ. ಸಾಕಾಗುತ್ತಾ? ಇನ್ನೊಂದಿಷ್ಟು ಬೈಯ್ಲಾ? ಏ ಟೈ, ನೀನೂ ಏನಾದ್ರೂ ಅನ್ನಯ್ಯ, ಅವರಪ್ಪನ ವಿಷಯ ಅನ್ನು, ಅದಕ್ಕೆ ಕೋಪ ಚೆನ್ನಾಗಿ ಬರುತ್ತೆ ಅಂತ ಅವನ ಭಾವ ಹೇಳಿದ್ರು. ಏನಪ್ಪಾ, ಕೋಪ ಇದೆ ತಾನೇ? ಹೇಳು, ಏನನ್ಸುತ್ತೆ ಬಾಯಿಬಿಟ್ಟು ಹೇಳು, ಇವತ್ತು ನೀನು ಏನು ಬೈದ್ರೂ ನಾನು ಕೇಳ್ತೀನಿ."

ಬೆಳಿಗ್ಗೆ ಈ ಮಾತು ಹೇಳಿದ್ದರೆ ಸಿಡುಕ ಸಂಜೆಯವರೆಗೂ ನಿಲ್ಲಿಸದೆ ಉತ್ತರ ಕೊಡುತ್ತಿದ್ದ.

ಈಗ ಅವನು ಅಂಗಿಯ ಗುಂಡಿ ಹಾಕಿಕೊಂಡ. ಕೆಳಗಿನಿಂದ ಮೇಲಕ್ಕೆ, ಒಂದನ್ನೂ ತಪ್ಪಿಸದೆ, ಕತ್ತಿನವರೆಗೂ. ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟ. ತಿರುಗಿದ. ಕಾರಿಡಾರಿನ ಕಡೆ ಹೆಜ್ಜೆ ಹಾಕಿದ, ಊದಿದ ಕಾಲನ್ನು ಎಳೆಯುತ್ತ.

"ಎಲ್ಲಿಗೆ? ಏಯ್, ನಿಂತ್ಕೋ. ಗೆರೆ ಹರೀತಿದೆ," ಎಂದರು ಹಿಂದಿನಿಂದ ಯಜಮಾನರು. "ನಿನ್ನ ಚಿಪ್ ಕಣಯ್ಯಾ ಅದು, ನಿನ್ನದೇ. ಹೆಸರೂ ನಿನ್ನದೇ ಹಾಕಿಸ್ತೀನಿ. ಆ ಫಿಲ್ಟರ್ ಒಂದು ದಾಟಬೇಡಪ್ಪಾ, ಅದರಾಚೆ ಪೆಟ್ಟಿಗೆಗೆ ಏನೂ ಕೇಳಲ್ಲ."

ಫಿಲ್ಟರಿನ ಹತ್ತಿರ ನೆಲ ಒರೆಸುವ ಹೆಂಗಸು ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಳು. ಎದೆಯ ಮೇಲೆ ಚಿಪ್ ಕಣ್ಣು ಮಿಟುಕಿಸದೆ ಎಣಿಸುತ್ತಿರುವುದು ಸಿಡುಕನಿಗೆ ಗೊತ್ತಿತ್ತು. ಅದನ್ನು ಹಾಗೆ ಕಟ್ಟಿದವನು ಅವನೇ. ನಾಳೆ ಕೆಳಗಿನ ಮಹಡಿಯ ಬೆಂಚಿನಲ್ಲಿ ತನಗಾಗಿ ಒಂದು ಜಾಗ ಕಾದಿರುವುದೂ ಗೊತ್ತಿತ್ತು.

ಅವನು ಫಿಲ್ಟರ್ ದಾಟಿದ.